ಪರಾಕು ಹೇಳುವವರ ಮನೆ

ಪ್ರಗತಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ, ವಿಜಯದಶಮಿಯ ಮಾರನೆಯ ದಿನ, ಹ್ಯೂಸ್ಟನ್ನಿನ ಸೈಪ್ರೆಸ್‌ನಲ್ಲಿ, ಮನೆಯವರೆಲ್ಲ ದಸರೆ ಊಟಕ್ಕೆ ಹೋಗಿದ್ದ ಒಬ್ಬರ ಮನೆಯ ಮಹಡಿ ಕೋಣೆಯಲ್ಲಿ, ಬಿಲ್ಲಗೆರೆ ದೊರೆ ಬಾಗಿಲು ಹಾಕಿಕೊಂಡು ಅವಳನ್ನು ಬಲಾತ್ಕರಿಸಿದ. ಅವಳು ಅವನಿಗೆ ಹೋಳಿಗೆಯ ತಟ್ಟೆ ಕೊಡಲು ಮೇಲೆ ಹೋಗಿದ್ದಳು. ಕೆಳಗೆ ಜನ ಊಟ ಮುಗಿಸಿ ಚಪ್ಪಾಳೆ ತಟ್ಟುತ್ತಿದ್ದರು.

ನಾಲ್ಕು ವರ್ಷದ ಮೇಲೆ, ಆಗಸ್ಟ್ ತಿಂಗಳಲ್ಲಿ, ಅವಳು ಹೂಡಿದ್ದ ಪರಿಹಾರದ ದಾವೆಯನ್ನು ಎರಡೂ ಕಡೆಯ ವಕೀಲರು ಕೋರ್ಟಿನ ಹೊರಗೆ ರಾಜಿ ಮಾಡಿಸಿದರು. ದೊರೆ ದುಡ್ಡು ಕೊಟ್ಟ. ತಪ್ಪು ಒಪ್ಪಿಕೊಳ್ಳಲಿಲ್ಲ. ಈ ವಿಷಯವಾಗಿ ಇನ್ನು ಇಬ್ಬರೂ ಹೊರಗೆ ಬಾಯಿ ಬಿಡಕೂಡದು ಎಂದು ಬರೆದು ಸಹಿ ಹಾಕಿಸಿಕೊಂಡರು.

ಅಂದು ಸಂಜೆ ಡಲ್ಲಾಸ್ ಹತ್ತಿರದ ಪ್ಲೇನೋದಲ್ಲಿ, ಅವಳ ತಂದೆತಾಯಿಯ ಮನೆಯಲ್ಲಿ ಹುರುಳಿಕಾಯಿ ಪಲ್ಯ, ತಿಳಿಸಾರು. ಪ್ರಗತಿ ಆಸ್ಟಿನ್ನಿನಿಂದ ಫೋನ್ ಮಾಡಿ, "ಅಮ್ಮ, ಮುಗೀತು" ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದಳು. ತಾಯಿ ರಾಜಲಕ್ಷ್ಮಿ ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿ, ಊಟದ ಮೇಜಿನ ಮೇಲೆ ತಟ್ಟೆ ಜೋಡಿಸುತ್ತ ಅದನ್ನೇ ಹೇಳಿದಳು.

"ಮುಗೀತಂತೆ."

"ಏನು ಮುಗೀತು?" ಅತ್ತೆ ಶಾರದಮ್ಮ ಸಾರಿನ ಪಾತ್ರೆ ಹಿಡಿದು ನಿಂತಲ್ಲೇ ನಿಂತರು.

"ಕೇಸು. ಸೆಟಲ್ ಮಾಡ್ಕೊಂಡ್ರಂತೆ."

"ರಾಜಿ ಆಯ್ತು ಅನ್ನು," ಎಂದರು ಮಾವ ಗೋವಿಂದರಾಜು. ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿಕೊಂಡರು. "ಒಳ್ಳೇದಾಯ್ತು. ನಾನು ಮೊದಲಿಂದ ಅದನ್ನೇ ಬಡ್ಕೋತಿದ್ದೆ. ಕೂತು ಮಾತಾಡ್ಕೊಂಡಿದ್ರೆ ಇಷ್ಟು ದಿನ ಕೋರ್ಟು ಕಚೇರಿ ಅಂತ ಅಲೆಯೋದು ತಪ್ತಿತ್ತು."

"ಅಪ್ಪ, ಊಟ ಮಾಡಿ," ಎಂದ ಮಗ ಸತ್ಯಪ್ರಕಾಶ.

ಪ್ರಗತಿಯ ತಂಗಿ ತನ್ವಿ ಹೈಸ್ಕೂಲಿನ ಹುಡುಗಿ. ಮನೆಯಲ್ಲಿ ಎಲ್ಲರೂ ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಕೋಪ ಬಂದಾಗ ಮಾತ್ರ ಕನ್ನಡ ಬರುತ್ತಿತ್ತು.

"ವೆಯ್ಟ್. ದುಡ್ಡು ಕೊಟ್ಟು ಹೋಗ್ತಾನಾ? ದಟ್ಸ್ ಇಟ್?"

"ಹೋಗ್ತಾರಾ ಅನ್ನು," ಎಂದರು ತಾತ.

"ಸಾರಿ?"

"ದೊಡ್ಡವರನ್ನ ಏಕವಚನದಲ್ಲಿ ಮಾತಾಡಿಸ್ಬಾರದು. ಏನೋ ಕೆಟ್ಟ ಗಳಿಗೆ, ಆಗಬಾರದ್ದು ಆಗೋಯ್ತು. ಅದಕ್ಕೆ ನಮ್ಮ ನಾಲಿಗೆ ಯಾಕೆ ಕೆಡಿಸ್ಕೋಬೇಕು?"

ತನ್ವಿ ತಟ್ಟೆ ಬಿಟ್ಟು ಎದ್ದಳು. ಮೇಲೆ ಅವಳ ಕೋಣೆಯ ಬಾಗಿಲು ಬಡಿದುಕೊಂಡ ಸದ್ದು ಕೆಳಗಿನವರೆಗೂ ಬಂತು. ರಾಜಲಕ್ಷ್ಮಿ ಮಾವನ ತಟ್ಟೆಗೆ ಪಲ್ಯ ಬಡಿಸಿದಳು.

ಬಿಲ್ಲಗೆರೆ ಸಂಸ್ಥಾನವೆಂಬುದು ಹೋಗಿ ಎರಡು ತಲೆಮಾರಾಗಿತ್ತು. ಉಳಿದದ್ದು ಒಂದು ಮುರುಕು ಅರಮನೆ, ಅದರ ಹಿಂದೊಂದು ರೆಸಾರ್ಟು, ಮತ್ತು ವರ್ಷದಲ್ಲಿ ಆರು ತಿಂಗಳು ಹ್ಯೂಸ್ಟನ್ನಿನಲ್ಲಿ ವ್ಯಾಪಾರ ನೋಡಿಕೊಳ್ಳುವ ಈ ದೊರೆ. ಸಾಫ್ಟ್‌ವೇರು ಬರೆಯುವ ಜನ, ಮಕ್ಕಳನ್ನು ಒಳ್ಳೆ ಸ್ಕೂಲಿಗೆ ಕಳಿಸುವ ಜನ, ಈ ದೇಶದ ಪ್ರಜೆಗಳಾಗಿ ಪ್ರಮಾಣ ಮಾಡಿದ ಜನ, ದಸರೆಗೆ ಮಾತ್ರ ಅವನ ಮುಂದೆ ಬಗ್ಗಿ ನಿಲ್ಲುತ್ತಿದ್ದರು. ಡಲ್ಲಾಸ್ ಕಡೆಯ ಕನ್ನಡ ಸಂಘ ಪ್ರತಿ ನವರಾತ್ರಿಗೂ ಒಂದು ದರ್ಬಾರು ನಡೆಸುತ್ತಿತ್ತು. ಬಾಡಿಗೆ ಆಡಿಟೋರಿಯಂ. ಮದುವೆ ಅಲಂಕಾರದವರಿಂದ ತಂದ ಚಿನ್ನದ ಬಣ್ಣದ ಕುರ್ಚಿ. ಅದರ ಮೇಲೆ ಕೂರಲು ಅವನು.

ಆ ದರ್ಬಾರಿಗೆ ಪರಾಕು ಹೇಳುವವರು ಗೋವಿಂದರಾಜು. ಅವರ ಅಪ್ಪ ಬಿಲ್ಲಗೆರೆ ಅರಮನೆಯಲ್ಲಿ ಬೆಳ್ಳಿಕಟ್ಟಿನ ಕೋಲು ಹಿಡಿದು ಪರಾಕು ಹೇಳುತ್ತಿದ್ದವರು. ಮಗನನ್ನು ಓದಿಸಿದ್ದು ಅರಮನೆಯ ಅನ್ನ. ಗೋವಿಂದರಾಜು ಮೈಸೂರಿನಲ್ಲಿ ಗಣಿತದ ಮೇಷ್ಟ್ರಾಗಿ ನಿವೃತ್ತರಾದರು, ಮಗನ ಜೊತೆ ಟೆಕ್ಸಸ್ಸಿಗೆ ಬಂದರು, ಆದರೆ ಅಪ್ಪನ ದನಿ ಅವರ ಗಂಟಲಲ್ಲಿ ಹಾಗೇ ಇತ್ತು. ದೀಪ ಆರಿಸಿ, ಕೋಲು ಕುಟ್ಟಿ, ಅವರು "ಬಿಲ್ಲಗೆರೆ ಸಿಂಹಾಸನಾಧೀಶ್ವರ, ಶರಣು ಬಂದವರ ಕಾಯುವ ಧಣಿ, ಬಹುಪರಾಕ್, ಬಹುಪರಾಕ್" ಎಂದು ಎಳೆದು ಕೂಗಿದರೆ, ಹುಟ್ಟಿದಂದಿನಿಂದ ಪ್ಲೇನೋ ಬಿಟ್ಟು ಬೇರೇನೂ ಕಾಣದ ಮಕ್ಕಳ ಮೈಯಲ್ಲೂ ರೋಮ ಏಳುತ್ತಿತ್ತು. ಪರಾಕು ಮುಗಿಯುವ ತನಕ ದೊರೆ ಬಾಗಿಲಲ್ಲೇ ನಿಂತಿರಬೇಕು. ಅದು ಪದ್ಧತಿ.

ಗಣೇಶನ ಹಬ್ಬಕ್ಕೆ ಸಂಘದಲ್ಲಿ ಮನೆಗೊಂದು ಅಡುಗೆ ತರುವ ಪಾಟ್‌ಲಕ್ ಇತ್ತು. ಹೋಗುವುದು ಬೇಡ ಎಂದ ಸತ್ಯಪ್ರಕಾಶ.

"ಯಾಕೆ ಬೇಡ? ನಾವೇನು ಕಳ್ಳತನ ಮಾಡಿದೀವಾ?" ಎಂದಳು ರಾಜಲಕ್ಷ್ಮಿ. ಬೆಳಿಗ್ಗೆ ಬೇಗ ಎದ್ದು ಪುಳಿಯೋಗರೆ ಕಲೆಸಿದಳು. ಅವಳ ಪುಳಿಯೋಗರೆ ಸಂಘದಲ್ಲಿ ಮೊದಲು ಖಾಲಿಯಾಗುವ ಟ್ರೇ ಎಂದು ಹೆಸರು.

ಮೇಜಿನ ಮೇಲೆ ಸಾಲಾಗಿ ಅಲ್ಯೂಮಿನಿಯಂ ಟ್ರೇಗಳಿದ್ದವು. ಜನ ತಟ್ಟೆ ಹಿಡಿದು ಸಾಲಿನಲ್ಲಿ ಬಂದರು. ವಾಂಗೀಬಾತು ಹಾಕಿಕೊಂಡರು, ಕೋಸಂಬರಿ ಹಾಕಿಕೊಂಡರು, ಪುಳಿಯೋಗರೆಯ ಹತ್ತಿರ ಬಂದಾಗ ಮಾತ್ರ ಯಾರಿಗೋ ಕೈ ಬೀಸಿ, ಏನೋ ನೆನಪಾದವರ ಹಾಗೆ ಮುಂದೆ ಹೋದರು. ನೆಟ್ಟ ಚಮಚ ನೆಟ್ಟ ಹಾಗೇ ಇತ್ತು.

ಕೈ ತೊಳೆಯುವ ಕಡೆ ಇಬ್ಬರು ಹೆಂಗಸರ ಮಾತು ಶಾರದಮ್ಮನವರ ಕಿವಿಗೆ ಬಿತ್ತು.

"ಹೊಸ ಕಾರು ತಗೊಂಡ್ಳಂತೆ. ಕೆಂಪು ಬಣ್ಣದ್ದು."

"ಅಲ್ಲಾ ಆಂಟಿ, ಅವರು ಏನೂ ಮಾಡಿಲ್ಲದಿದ್ರೆ ಅಷ್ಟೊಂದು ಯಾಕೆ ಕೊಟ್ರು?"

"ಮರ್ಯಾದಸ್ಥರು ಕಣಮ್ಮ. ಬೀದಿಗೆ ಬರಬಾರದು ಅಂತ ಕೊಟ್ಟಿದಾರೆ. ಇವಳಿಗೆ ನ್ಯಾಯ ಬೇಕಿದ್ದಿದ್ರೆ ದುಡ್ಡು ಯಾಕೆ ಮುಟ್ತಿದ್ಲು? ನನ್ನ ಮಗಳಾಗಿದ್ರೆ ಮುಖದ ಮೇಲೆ ಎಸೀತಿದ್ಲು."

ಶಾರದಮ್ಮ ಕೈ ತೊಳೆಯದೆ ಹಿಂದಿರುಗಿದರು. ಪ್ರಗತಿ ಯೂನಿವರ್ಸಿಟಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಅವಳಿಗೆ ಕಾರೇ ಇರಲಿಲ್ಲ. ಆ ದುಡ್ಡಿನಲ್ಲಿ ವಕೀಲರ ಪಾಲು ಹೋಗಿ ಉಳಿದದ್ದನ್ನು ಅವಳು ಮುಟ್ಟಿಯೂ ಇರಲಿಲ್ಲ.

ತುಂಬಿದ ಟ್ರೇಯನ್ನು ಮಡಿಲಲ್ಲಿ ಇಟ್ಟುಕೊಂಡು ರಾಜಲಕ್ಷ್ಮಿ ಕಾರಿನಲ್ಲಿ ಕೂತಳು. ಆ ಪುಳಿಯೋಗರೆಯನ್ನು ಮನೆಯವರೇ ಬಿಸಿ ಮಾಡಿ ಮಾಡಿ ತಿಂದರು. ಕೊನೆಗೆ ತನ್ವಿಯ ಲಂಚ್ ಬಾಕ್ಸಿಗೂ ಅದೇ ಆಯಿತು.

"ಅಮ್ಮ, ಐ ಕಾಂಟ್," ಎಂದಳು ತನ್ವಿ.

"ತಿನ್ನು. ನಿನ್ನ ಅಕ್ಕಂದು ಅಂತ ತಿನ್ನು," ಎಂದಳು ರಾಜಲಕ್ಷ್ಮಿ. ಯಾಕೆ ಹಾಗೆಂದಳೋ ಅವಳಿಗೇ ಗೊತ್ತಿರಲಿಲ್ಲ. ತನ್ವಿ ತಿಂದಳು.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಹತ್ತಿರದ ಲೂಯಿಸ್‌ವಿಲ್‌ನಿಂದ ಕಲ್ಮೇಶ ಬಂದ. ಸಂಘದ ಅಧ್ಯಕ್ಷ, ಧಾರವಾಡದ ಕಡೆಯವನು. ಮಗ ಸೊಸೆ ಆಫೀಸಿನಲ್ಲಿದ್ದ ಹೊತ್ತು ನೋಡಿಯೇ ಬಂದಿದ್ದ. ಕೈಯಲ್ಲಿ ದೊಡ್ಡ ಹಿತ್ತಾಳೆ ತಟ್ಟೆ: ರೇಷ್ಮೆ ಸೀರೆ, ತೆಂಗಿನಕಾಯಿ, ಎಲೆ ಅಡಿಕೆ, ಗಂಧದ ಹಾರ.

"ಆರಾಮ ಇದ್ದೀರೇನ್ರಿ ಸರ್? ಅಕ್ಕಾರ, ಒಂದ ಕಪ್ ಚಾ ಸಿಗತೈತೇನ್ರಿ?"

ಶಾರದಮ್ಮ ಒಲೆ ಹಚ್ಚಲಿಲ್ಲ. "ಏನಿದು?" ಎಂದರು.

"ದೊರೆಗಳು ಕಳಿಸ್ಯಾರ್ರಿ. ಹುಡುಗಿಗೆ. ಎಲ್ಲಾ ಮುಗದ ಹೋತಲ್ರಿ, ಮನಸಿನ್ಯಾಗ ಏನೂ ಇಟ್ಕೋಬ್ಯಾಡ್ರಿ ಅಂತ ಹೇಳ್ಯಾರ. ಎಷ್ಟ ದೊಡ್ಡ ಗುಣಾ ನೋಡ್ರಿ. ನೀವ ಒಂದ ಸಲ ಕೈಯಾಗ ಇಸ್ಕೊಂಡ್ರ ಆತು, ಸಂಘದ ಮಂದಿ ಬಾಯಿ ಮುಚ್ಚತೈತಿ."

"ಪ್ರಕಾಶ ಬರ್ಲಿ ರೀ, ತಡೀರಿ," ಎಂದು ಶಾರದಮ್ಮ ಗಂಡನ ತೋಳು ಹಿಡಿದರು.

ಗೋವಿಂದರಾಜು ತಟ್ಟೆಯನ್ನೇ ನೋಡುತ್ತಿದ್ದರು. ಅವರು ಹುಟ್ಟಿ ಬೆಳೆದ ಊರಿನಲ್ಲಿ ಚಾವಡಿಯ ಮೇಲೆ ರಾಜಿಯಾದರೆ ಎರಡೂ ಕಡೆಯವರು ವೀಳ್ಯ ತೆಗೆದುಕೊಳ್ಳಬೇಕಿತ್ತು. ಕೊಟ್ಟ ವೀಳ್ಯ ಬೇಡವೆಂದವನೇ ರಾಜಿ ಮುರಿದವನು. ಆಮೇಲೆ ದಂಡ ಅವನಿಗೆ.

"ಬೇಡ ಅಂದ್ರೆ ರಾಜಿ ಮುರಿದ್ರು ಅಂತಾರೆ ಕಣೇ," ಎಂದು ಹೆಂಡತಿಗೆ ಮೆಲ್ಲಗೆ ಹೇಳಿದರು. "ನಾಳೆ ಮಗೂನ ಮತ್ತೆ ಕೋರ್ಟಿಗೆ ಎಳೀತಾರೆ. ನಿಂಗೆ ಗೊತ್ತಾಗಲ್ಲ ಸುಮ್ನಿರು."

ಎರಡೂ ಕೈಯೊಡ್ಡಿ ತಟ್ಟೆ ತೆಗೆದುಕೊಂಡರು. ಅಭ್ಯಾಸಬಲದಿಂದ ಕಣ್ಣಿಗೊತ್ತಿಕೊಂಡರು. ಆ ಗಳಿಗೆಗೇ ಕಲ್ಮೇಶ ಫೋಟೋ ಹೊಡೆದ.

ಅವನ ಕಾರು ಬೀದಿ ತಿರುಗುವ ಮೊದಲೇ ಫೋಟೋ ಸಂಘದ ವಾಟ್ಸಾಪ್ ಗುಂಪಿನಲ್ಲಿತ್ತು. ಕೆಳಗೆ ಬರೆದಿತ್ತು: ಎರಡೂ ಮನೆಗಳಿಗೆ ಸಮಾಧಾನ. ದೊಡ್ಡವರ ದೊಡ್ಡ ಗುಣ. ಅದರ ಕೆಳಗೆ ಒಂದರ ಹಿಂದೊಂದು ಮುಗಿದ ಕೈಗಳು. ಸೈಪ್ರೆಸ್‌ನಿಂದ, ಆಸ್ಟಿನ್ನಿನಿಂದ, ಬೆಂಗಳೂರಿನಿಂದಲೂ ಮುಗಿದ ಕೈಗಳು.

ಸಂಜೆ ರಾಜಲಕ್ಷ್ಮಿ ಮನೆಗೆ ಬಂದಾಗ ತಟ್ಟೆ ಟಿವಿಯ ಪಕ್ಕದಲ್ಲಿತ್ತು.

"ಯಾರನ್ನ ಕೇಳಿ ತಗೊಂಡ್ರಿ ಮಾವ?"

"ಕೇಳೋದೇನು? ಅವಳ ಒಳ್ಳೇದಕ್ಕೇ ತಗೊಂಡೆ."

"ಅವಳ ಒಳ್ಳೇದಾ? ಅವನು ಉಡಿಸೋ ಸೀರೆ ನನ್ನ ಮಗಳು ಉಡ್ಬೇಕಾ?"

"ಉಡು ಅಂತ ನಾನೆಲ್ಲಿ ಹೇಳ್ದೆ? ಇಸ್ಕೊಂಡು ಇಡೋದು ಕ್ರಮ. ರಾಜಿ ಅಂದ ಮೇಲೆ..."

"ಅಪ್ಪ, ಇದು ನಿಮ್ಮೂರಿನ ಚಾವಡಿ ಅಲ್ಲ," ಎಂದ ಸತ್ಯಪ್ರಕಾಶ. ಅವನು ಅಪ್ಪನ ಎದುರು ದನಿಯೆತ್ತಿದ್ದು ಅದೇ ಮೊದಲು. "ಇಲ್ಲಿ ಸಹಿ ಹಾಕಿದ್ರೆ ಮುಗೀತು. ವೀಳ್ಯ ಬೇಕಿಲ್ಲ. ಎಲೆ ಅಡಿಕೆ ಮುಟ್ಟದಿದ್ರೆ ಯಾರನ್ನೂ ಕೋರ್ಟಿಗೆ ಎಳೆಯಲ್ಲ!"

ಗೋವಿಂದರಾಜು ತಟ್ಟೆಯ ಕಡೆ ನೋಡಿದರು. "ನಂಗೆ ಯಾರು ಹೇಳಿದ್ರು ಅದನ್ನ?" ಎಂದರು.

ಅಷ್ಟರಲ್ಲಿ ರಾಜಲಕ್ಷ್ಮಿಯ ಫೋನು ಟಿಂಗ್ ಎಂದಿತು. ಪ್ರಗತಿ ಆ ಫೋಟೋವನ್ನೇ ಕಳಿಸಿದ್ದಳು. ಜೊತೆಗೆ ಒಂದೇ ಸಾಲು: ನಾನು ದಸರಾಗೆ ಬರಲ್ಲ.

ಶನಿವಾರ ಗಂಡ ಹೆಂಡತಿ ಆಸ್ಟಿನ್ನಿಗೆ ಹೊರಟರು. ಹಿಂದಿನ ಸೀಟಿನಲ್ಲಿ ದೋಸೆ ಹಿಟ್ಟಿನ ಡಬ್ಬ, ಚಟ್ನಿಪುಡಿ, ಶಾರದಮ್ಮ ಕಾಯಿಸಿದ ತುಪ್ಪ. ಡ್ರೈವ್ ಮಾಡುತ್ತ ಸತ್ಯಪ್ರಕಾಶ ಅರ್ಧ ದಾರಿಯಲ್ಲಿ ಒಮ್ಮೆ ಹಿಂದಿನ ಸೀಟು ನೋಡಿ, "ಹಿಟ್ಟು ಹುಳಿ ಬರುತ್ತೇನೋ, ಏಸಿ ಜಾಸ್ತಿ ಮಾಡ್ಲಾ?" ಎಂದ.

ಪ್ರಗತಿ ಬಾಗಿಲು ತೆರೆದಳು. ತೂಕ ಇಳಿದಿದ್ದಳು. ಕೂದಲನ್ನು ತಾನೇ ಕತ್ತರಿಸಿಕೊಂಡ ಹಾಗಿತ್ತು. ಅಪ್ಪನನ್ನು ತಬ್ಬಿಕೊಂಡಳು. ಅವನು ಅಡುಗೆಮನೆಯಲ್ಲಿ ತುಂಬಿದ್ದ ಕಸದ ಚೀಲ ಕಂಡು, "ಇದನ್ನ ಹಾಕಿ ಬರ್ತೀನಿ" ಎಂದು ಕೆಳಗೆ ಹೋದವನು ಬಹಳ ಹೊತ್ತು ಮೇಲೆ ಬರಲೇ ಇಲ್ಲ.

ರಾಜಲಕ್ಷ್ಮಿ ಕಾವಲಿ ಇಟ್ಟಳು. ಮೊದಲ ದೋಸೆ ಹರಿಯಿತು.

"ತಾತ ಬೇಕಂತ ಮಾಡ್ಲಿಲ್ಲ ಕಣೇ. ಅವರ ಊರ ಕಡೆ ರಾಜಿ ಅಂದ್ರೆ..."

"ಗೊತ್ತು ಅಮ್ಮ. ತನ್ವಿ ಹೇಳಿದ್ಲು."

"ಮತ್ತೆ ಹಬ್ಬಕ್ಕೆ ಬಾ."

"ಬರಲ್ಲ."

ಎರಡನೆಯ ದೋಸೆ ಎದ್ದಿತು. ತಟ್ಟೆಗೆ ಹಾಕಿ ರಾಜಲಕ್ಷ್ಮಿ ತಡೆಯಲಾರದೆ ಕೇಳಿಬಿಟ್ಟಳು. "ಗೆಲ್ಲೋ ಕೇಸು ಅಂತ ನಿನ್ನ ಲಾಯರ್ ಹೇಳಿದ್ರಲ್ಲ. ಯಾಕೆ ಸಹಿ ಹಾಕ್ದೆ ಮಗಳೇ? ಊರಿಗೆ ಊರೇ ಇವತ್ತು ದುಡ್ಡಿಗೋಸ್ಕರ ಅಂತಿದೆ."

ಪ್ರಗತಿ ದೋಸೆ ಮುರಿದಳು, ತಿನ್ನಲಿಲ್ಲ.

"ಟ್ರಯಲ್‌ಗೆ ಮುಂಚೆ ಅವರ ಕಡೆ ಲಾಯರ್ ದಿನಗಟ್ಟಲೆ ಪ್ರಶ್ನೆ ಕೇಳಿದ. ಏನು ಉಟ್ಟಿದ್ದೆ, ಹೋಳಿಗೆ ತಗೊಂಡು ನೀನೇ ಯಾಕೆ ಹೋದೆ, ಎಲ್ಲಾ ಹೇಳ್ದೆ. ಆಮೇಲೆ ಕೇಳ್ದ, ನೀನು ಕಿರುಚಿದ್ಯಾ ಅಂತ. ಕಿರುಚಿದೆ ಅಂದೆ. ಕೆಳಗೆ ಅಷ್ಟು ಜನ ಇದ್ರು, ಒಬ್ಬರಿಗೂ ಯಾಕೆ ಕೇಳಿಸ್ಲಿಲ್ಲ ಅಂದ. ನಂಗೆ ಬ್ರೇಕ್ ಬೇಕು ಅಂದೆ."

"ಯಾಕೆ?"

"ಯಾಕೆ ಕೇಳಿಸ್ಲಿಲ್ಲ ಅಂತ ನಂಗೆ ಗೊತ್ತು."

ಕಾವಲಿ ಹೊಗೆಯಾಡಿತು. ರಾಜಲಕ್ಷ್ಮಿ ಒಲೆ ಆರಿಸಿದಳು.

"ಕೆಳಗೆ ತಾತ ಪರಾಕು ಹೇಳ್ತಿದ್ರು ಅಮ್ಮ. ಊಟ ಆದ್ಮೇಲೆ ಎಲ್ರೂ ಸೇರಿ ಹೇಳ್ಸಿದ್ರಲ್ಲ. ನಾನು ಕೂಗಿದ್ದು ತಾತಾ ಅಂತಾನೇ. ಬಾಗಿಲಾಚೆಯಿಂದ ಅವರ ದನಿ ಅಷ್ಟು ಚೆನ್ನಾಗಿ ಕೇಳ್ತಿತ್ತು. ನಾನು ಕೂಗಿದಷ್ಟೂ ಅವರದು ಜೋರಾಗ್ತಿತ್ತು. ಆಮೇಲೆ ಚಪ್ಪಾಳೆ. ಆಮೇಲೆ ಇನ್ನೊಂದು ಸಲ ಶುರು ಮಾಡಿದ್ರು."

ರಾಜಲಕ್ಷ್ಮಿ ಸೌಟು ಹಿಡಿದೇ ನಿಂತಿದ್ದಳು.

"ಅದನ್ನ ಹೇಳಿದ್ರೆ ತಾತನ್ನ ಸಾಕ್ಷಿಗೆ ಕರೀತಿದ್ರು. ನಾನು ಕೂತಿದ್ದ ಕುರ್ಚೀಲೇ ಕೂರಿಸಿ, ಎಷ್ಟು ಜೋರಾಗಿ ಹೇಳಿದ್ರಿ, ಇಲ್ಲಿ ಹೇಳಿ ತೋರ್ಸಿ ಅಂತಿದ್ರು. ನಾನು ಎದುರುಗಡೆ ಕೂತಿರ್ಬೇಕಿತ್ತು. ನನ್ನ ಕೈಲಿ ಆಗ್ಲಿಲ್ಲ ಅಮ್ಮ. ಬ್ರೇಕ್ ಮುಗಿಯೋದ್ರೊಳಗೆ ಸೆಟಲ್ ಮಾಡಿಬಿಡಿ ಅಂದೆ."

ತಾಯಿ ಮಗಳ ಪಕ್ಕ ಕೂತಳು. ಹಿಟ್ಟು ಮೆತ್ತಿದ ಕೈಯಿಂದಲೇ ಅವಳ ತಲೆಯನ್ನು ಎಳೆದುಕೊಂಡಳು.

"ಇದನ್ನ ತಾತಂಗೆ ಹೇಳ್ಬೇಡ. ಸತ್ಯ ಮಾಡು."

"ಸತ್ಯ."

ಬಾಗಿಲಲ್ಲಿ ಸತ್ಯಪ್ರಕಾಶ ನಿಂತಿದ್ದ. ಯಾವಾಗ ಬಂದನೋ ಇಬ್ಬರಿಗೂ ತಿಳಿಯಲಿಲ್ಲ. ಅವನ ಕಣ್ಣು ಕೆಂಪಾಗಿತ್ತು. "ಕಾರಲ್ಲಿ ತುಪ್ಪ ಮರೆತಿದ್ವಿ," ಎಂದು ಸೀಸೆಯನ್ನು ಮೇಜಿನ ಮೇಲಿಟ್ಟ.

ಮಹಾಲಯ ಅಮಾವಾಸ್ಯೆ ಕಳೆಯಿತು. ಗೋವಿಂದರಾಜು ಮೊಮ್ಮಗಳಿಗೆ ದಿನವೂ ಫೋನು ಮಾಡಿದರು. ಅವಳು ಎತ್ತಲಿಲ್ಲ. ದರ್ಬಾರಿಗೆ ದೊರೆ ಬರುತ್ತಾರೆಂದು, ಮೇಷ್ಟ್ರೇ ಪರಾಕು ಹೇಳಬೇಕೆಂದು ಕಲ್ಮೇಶ ಹೇಳಿ ಕಳಿಸಿದ. ನವರಾತ್ರಿಯ ಎರಡನೆಯ ದಿನ ಸಂಜೆ ಅವರು ಬೀರುವಿನಿಂದ ಕರಿಯ ನಿಲುವಂಗಿ ತೆಗೆದು ಅಡುಗೆಮನೆಗೆ ತಂದರು.

"ಲಕ್ಷ್ಮೀ, ಇದಕ್ಕೊಂದು ಸ್ವಲ್ಪ ಇಸ್ತ್ರಿ ಹಾಕಮ್ಮ. ಶನಿವಾರಕ್ಕೆ ಬೇಕು."

ರಾಜಲಕ್ಷ್ಮಿ ಚಪಾತಿ ಲಟ್ಟಿಸುತ್ತಿದ್ದಳು. "ಹೋಗ್ತೀರಾ?"

"ಹೋಗದೆ? ನಾನು ಹೇಳ್ದೆ ದರ್ಬಾರು ಶುರುವಾಗಲ್ಲ."

"ಆಗದೆ ಇದ್ರೆ ಏನು ಮುಳುಗಿಹೋಗುತ್ತೆ?"

"ನಾವು ದೂರ ನಿಂತಷ್ಟೂ ಜನ ಆಡ್ಕೋತಾರೆ. ನಾವು ಹೋಗಿ ಬಂದು ಮಾಡ್ತಿದ್ರೆ ಪ್ರಗತಿಗೂ ನಾಲ್ಕು ಜನದ ಮಧ್ಯೆ ಓಡಾಡೋ ಹಾಗಾಗುತ್ತೆ. ಅವಳು ನನ್ನ ಮೇಲೆ ಯಾಕೆ ಮುನಿಸ್ಕೊಂಡಿದಾಳೋ! ರಾಜಿಗೆ ಒಪ್ಪಿದವಳು ಅವಳು. ದುಡ್ಡು ತಗೊಂಡವಳು ಅವಳು. ತಟ್ಟೆ ಇಸ್ಕೊಂಡ ನಾನು ಮಾತ್ರ ಪಾಪಿ."

"ಮಾವ, ಬೇಡ. ಸಾಕು."

"ನನ್ನ ಪ್ರಶ್ನೆಗೆ ಉತ್ತರ ಕೊಡಿ ಯಾರಾದ್ರೂ. ಅನ್ಯಾಯ ಆಯ್ತು ಅಂದ ಮೇಲೆ ಯಾಕೆ ಒಪ್ಕೊಂಡ್ಲು?"

ಲಟ್ಟಣಿಗೆ ನೆಲಕ್ಕೆ ಬಿತ್ತು.

"ನಿಮಗೋಸ್ಕರ!" ಎಂದು ರಾಜಲಕ್ಷ್ಮಿ ಕೂಗಿದಳು. "ನಿಮಗೋಸ್ಕರ ಒಪ್ಕೊಂಡ್ಲು! ಮೇಲೆ ಅವಳು ತಾತಾ ತಾತಾ ಅಂತ ಕಿರುಚ್ತಿದ್ಲು, ಕೆಳಗೆ ನೀವು ಅವನಿಗೆ ಬಹುಪರಾಕ್ ಹೇಳ್ತಿದ್ರಿ! ಅದು ನಿಮಗೆ ಗೊತ್ತಾಗಬಾರದು ಅಂತ ಒಪ್ಕೊಂಡ್ಲು!"

ಹೇಳಿ ಮುಗಿದ ಮೇಲೆ ಅವಳೇ ಬಾಯಿಗೆ ಸೆರಗು ತುರುಕಿಕೊಂಡಳು. ಸತ್ಯ ಮಾಡಿದ್ದಳು. ಮುರಿದಿತ್ತು. ಗೋಡೆಗೊರಗಿ ಕುಸಿದು ಕೂತಳು.

ಶಾರದಮ್ಮ ದೇವರ ಮುಂದಿನಿಂದ ಎದ್ದು ಬಂದರು. ತನ್ವಿ ಮೆಟ್ಟಿಲ ಮೇಲೆ ನಿಂತಿದ್ದಳು. ಗೋವಿಂದರಾಜು ನಿಲುವಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿದರು. ಅದು ಜಾರಿತು. ಮತ್ತೆ ಹಾಕಿದರು.

"ಶಾರದಾ," ಎಂದರು. "ಅವತ್ತು ನಾನು ಎಷ್ಟು ಸಲ ಹೇಳಿದೆ?"

"ಬಿಡಿ ರೀ ಈಗ."

"ಎಷ್ಟು ಸಲ?"

"ಮೊದಲು ಒಂದು ಸಲ ಹೇಳಿದ್ರಿ," ಎಂದರು ಶಾರದಮ್ಮ. "ಜನ ಒನ್ಸ್ ಮೋರ್ ಅಂದ್ರು. ಇನ್ನೊಂದು ಸಲ ಹೇಳಿದ್ರಿ. ಮತ್ತೂ ಒನ್ಸ್ ಮೋರ್ ಅಂದ್ರು."

ಅಂದು ಚಪಾತಿಯ ಹಿಟ್ಟು ಹಾಗೇ ಒಣಗಿತು. ಮಾರನೆಯ ದಿನ ಶಾರದಮ್ಮ ಟಿವಿಯ ಪಕ್ಕದ ಹಿತ್ತಾಳೆ ತಟ್ಟೆಯನ್ನು ಎತ್ತಿ ಗ್ಯಾರೇಜಿಗೆ ಒಯ್ದರು. ಎಲೆ ಕರಿಕಾಗಿತ್ತು. ಕಾಯಿ ಒಡೆದರೆ ಒಳಗೆ ಕೊಳೆತಿತ್ತು. ಸೀರೆಯನ್ನು ಕಸದ ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿದರು. ರೇಷ್ಮೆ ಸೀರೆಯೊಂದನ್ನು ಬಿಸಾಡಿದ್ದು ಅವರ ಬಾಳಿನಲ್ಲಿ ಅದೇ ಮೊದಲು. ಕೈ ತೊಳೆದುಕೊಂಡು ಬಂದು ಗಂಡನಿಗೆ ಕಾಫಿ ಕೊಟ್ಟರು. ಅವರು ಕುಡಿಯಲಿಲ್ಲ.

ಗುರುವಾರ ಪ್ರಗತಿ ಫೋನು ಎತ್ತಿದಳು. ಮಾಡಿದ್ದವರು ತಾತ.

"ತಾತ? ಇದೀರಾ?"

"ಹ್ಞೂಂ."

ಅವಳಿಗೆ ಅಷ್ಟರಿಂದಲೇ ತಿಳಿಯಿತು. ಫೋನಿನಾಚೆ ಒಂದು ಉದ್ದನೆಯ ಉಸಿರು.

"ಅಮ್ಮ ಹೇಳಿಬಿಟ್ಲಾ?"

ಅವರು ಫೋನನ್ನು ಇನ್ನೊಂದು ಕಿವಿಗೆ ಹಿಡಿದರು.

"ಊಟ ಆಯ್ತಾ ತಾತ?"

"ಆಯ್ತು ಕಂದ," ಎಂದರು. ಆಗಿರಲಿಲ್ಲ.

"ನಿಮಗೆ ಕೇಳಿಸ್ತಿರ್ಲಿಲ್ಲ ತಾತ. ಅದು ನಂಗೊತ್ತು. ನಂಗೆ ನಿಮ್ಮ ಮೇಲೆ ಕೋಪ ಇಲ್ಲ. ಆದ್ರೆ ಆ ಮನೆಗೆ ಬಂದ್ರೆ ನಿಮ್ಮ ದನಿ ಕೇಳ್ಬೇಕಾಗುತ್ತೆ. ನೀವು ಅಡುಗೆಮನೇಲಿ ಕಾಫಿ ಅಂತ ಕೂಗಿದ್ರೂ ನಂಗೆ ಆ ಕೋಣೆ ನೆನಪಾಗುತ್ತೆ. ಅದಕ್ಕೇ ಬರ್ತಿಲ್ಲ."

"ಆಗ್ಲಿ ಮಗು."

"ಮಾತ್ರೆ ತಗೊಳ್ಳಿ."

"ತಗೋತೀನಿ."

ಫೋನ್ ಇಟ್ಟ ಮೇಲೂ ಅವರು ಅದನ್ನು ಕಿವಿಗೆ ಹಿಡಿದೇ ಕೂತಿದ್ದರು. ಶನಿವಾರದವರೆಗೆ ಮನೆಯಲ್ಲಿ ಅವರ ದನಿ ಯಾರಿಗೂ ಕೇಳಿಸಲಿಲ್ಲ. ನೀರು ಬೇಕಾದರೆ ಎದ್ದು ತಾವೇ ತೆಗೆದುಕೊಂಡರು.

ಶನಿವಾರ ಮಧ್ಯಾಹ್ನ ನಿಲುವಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡರು. ಪೇಟ ಸುತ್ತಿಕೊಂಡು, ಬೆಳ್ಳಿಕಟ್ಟಿನ ಕೋಲು ಹಿಡಿದು ಹಜಾರಕ್ಕೆ ಬಂದರು. ಸತ್ಯಪ್ರಕಾಶ ಸೋಫಾದಿಂದ ಎದ್ದು ನಿಂತ.

"ಇಷ್ಟಾದ ಮೇಲೂ ಹೋಗ್ತಿದೀರಾ ಅಪ್ಪ?"

"ಹೋಗ್ಬೇಕು."

"ನಾನು ಕರ್ಕೊಂಡು ಹೋಗಲ್ಲ."

ರಾಜಲಕ್ಷ್ಮಿ ಅವರ ಮುಖ ನೋಡದೆ ಒಳಗೆ ಹೋದಳು. ಶಾರದಮ್ಮ ದಾರಿಗೆ ಅಡ್ಡ ಬರಲಿಲ್ಲ, ಬಾಗಿಲವರೆಗೂ ಬರಲಿಲ್ಲ. ತನ್ವಿ ಮೆಟ್ಟಿಲಿಳಿದು ಕಾರಿನ ಕೀ ತೆಗೆದುಕೊಂಡಳು.

"ಐ ವಿಲ್ ಡ್ರೈವ್. ಕಲ್ಮೇಶ್ ಅಂಕಲ್ ಕಾರಲ್ಲಿ ನೀವು ಹೋಗೋದು ನಂಗೆ ಬೇಡ," ಎಂದಳು. ದಾರಿಯುದ್ದಕ್ಕೂ ಅಳುತ್ತಲೇ ಓಡಿಸಿದಳು. ಸಿಗ್ನಲ್ಲಿನಲ್ಲಿ ನಿಂತಾಗ ತಾತ ತಮ್ಮ ಕರವಸ್ತ್ರ ಅವಳ ಮಡಿಲಲ್ಲಿಟ್ಟರು. ಅವಳು ಅದನ್ನು ಮುಟ್ಟಲಿಲ್ಲ.

ಆಡಿಟೋರಿಯಂ ತುಂಬಿತ್ತು. ಮಲ್ಲಿಗೆ, ಹೇರ್‌ಸ್ಪ್ರೇ, ಕಾಫಿಯ ವಾಸನೆ. ಗೋವಿಂದರಾಜು ವೇದಿಕೆ ಹತ್ತಿದಾಗ ಜನ ಎದ್ದು ಚಪ್ಪಾಳೆ ತಟ್ಟಿದರು. ಈ ಮನೆಯವರು ಬಂದರಲ್ಲ, ಇನ್ನು ಎಲ್ಲ ಸರಿಹೋಯಿತು ಎಂಬ ಚಪ್ಪಾಳೆ. ಪುಳಿಯೋಗರೆ ಮುಟ್ಟದೆ ಹೋದ ಕೈಗಳೇ. ತನ್ವಿ ಹಿಂದಿನ ಗೋಡೆಗೆ ಒರಗಿ ನಿಂತಳು.

ದೀಪ ಆರಿತು. ನಾಗಸ್ವರದ ರೆಕಾರ್ಡು ನಿಂತಿತು. ಹಿಂಬಾಗಿಲಲ್ಲಿ ಜರತಾರಿ ಅಂಗಿ ತೊಟ್ಟು ಬಿಲ್ಲಗೆರೆ ದೊರೆ ನಿಂತಿದ್ದ. ಅವನ ಮೇಲೊಂದು ಬೆಳಕು, ವೇದಿಕೆಯ ಮೇಲೆ ಮುದುಕರ ಮೇಲೊಂದು ಬೆಳಕು. ನಡುವೆ ಕತ್ತಲಲ್ಲಿ ಜನ.

ಗೋವಿಂದರಾಜು ಮೈಕಿನ ಮುಂದೆ ನಿಂತರು. ಕೋಲು ಕುಟ್ಟಲಿಲ್ಲ. ಬಾಯಿ ತೆರೆಯಲಿಲ್ಲ.

ಜನ ಕಾದರು. ಎಲ್ಲೋ ಒಂದು ಮಗು ಅತ್ತಿತು. ದೊರೆ ಬಾಗಿಲಲ್ಲೇ ನಿಂತು ನಗುತ್ತ, ಶುರು ಮಾಡಿ ಎಂಬಂತೆ ಕೈ ಆಡಿಸಿದ. ಪರಾಕು ಇಲ್ಲದೆ ಹೆಜ್ಜೆ ಇಡುವ ಹಾಗಿರಲಿಲ್ಲ.

ಕಲ್ಮೇಶ ಪಂಚೆ ಎತ್ತಿಕೊಂಡು ಪಕ್ಕದ ಪರದೆಯಿಂದ ಓಡಿ ಬಂದ. "ಮೈಕ್ ಆನ್ ಐತ್ರಿ ಸರ್, ಹೇಳ್ರಿ. ಗಂಟಲಾ ಹಿಡದೈತೇನ್ರಿ? ನೀರ ತರಸ್ಲ್ಯಾ?"

ಗೋವಿಂದರಾಜು ಅಲುಗಲಿಲ್ಲ.

ಕತ್ತಲಲ್ಲಿ ಯಾರೋ ತಮಾಷೆಗೆ ಕೂಗಿದರು. "ಮೇಷ್ಟ್ರೇ, ಒನ್ಸ್ ಮೋರ್!"

ಜನ ಗೊಳ್ಳೆಂದು ನಕ್ಕರು. ಆ ನಗೆ ಪೂರ್ತಿ ಇಳಿಯುವವರೆಗೂ ಗೋವಿಂದರಾಜು ಕಾದರು. ಬೆಳ್ಳಿಕಟ್ಟಿನ ಕೋಲನ್ನು ಬಾಗಿ ನೆಲದ ಮೇಲೆ ಮಲಗಿಸಿದರು. ತಲೆಯ ಪೇಟ ತೆಗೆದು ಅದರ ಪಕ್ಕ ಇಟ್ಟರು. ಕತ್ತಲಾಚೆ ಗೋಡೆಗೊರಗಿದ್ದ ತನ್ವಿ ನೆಟ್ಟಗೆ ನಿಂತಳು.

"ಮಂದಿ ನೋಡಾಕತ್ತೈತ್ರಿ ಸರ್," ಕಲ್ಮೇಶ ಅವರ ಮೊಳಕೈ ಹಿಡಿದು ಅಲ್ಲಾಡಿಸಿದ. "ಕೈ ಮುಗೀತೀನಿ. ಒಂದ ಸಲ ಹೇಳಿಬಿಡ್ರಿ."

"ಹೇಳಲ್ಲ."

ಮೈಕು ಆ ಮಾತನ್ನು ಹಿಂಬಾಗಿಲವರೆಗೂ ಒಯ್ದಿತು.

"ಹಂಗಂದ್ರ ಹೆಂಗ್ರಿ? ಹೇಳ್ರಿ!"

"ಹೇಳಲ್ಲ ಕಲ್ಮೇಶಪ್ಪ," ಎಂದರು ಗೋವಿಂದರಾಜು. "ಸ್ವಲ್ಪ ಸುಮ್ನಿರಿ ಎಲ್ರೂ. ಮಹಡಿ ಮೇಲೆ ನನ್ನ ಮಗು ಕೂಗ್ತಿದೆ."